ಎಣಿಸಿ ಆಡುವವರಿಗೆ ಯಾವ ಬ್ಲ್ಯಾಕ್‌ಜಾಕ್ ಟೇಬಲ್ ಒಳ್ಳೆಯದು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಅಮೆರಿಕಕ್ಕೆ ಹೊರಟಿದ್ದೇನೆ. ಒಂದು ವಾರಾಂತ್ಯ ಲಾಸ್ ವೇಗಸ್‌ಗೆ ಹೋಗುವ ಆಸೆ ಇದೆ. ಬ್ಲ್ಯಾಕ್‌ಜಾಕ್ ಅಂದರೆ 21 ದಾಟದೆ, ಎಲೆ ಹಂಚುವ ಡೀಲರ್‌ಗಿಂತ ಹೆಚ್ಚು ಮಾಡಿಕೊಳ್ಳುವ ಇಸ್ಪೀಟು ಆಟ. ಬಿದ್ದ ಎಲೆ ಎಣಿಸಿ, ಉಳಿದದ್ದರಲ್ಲಿ ದೊಡ್ಡ ಎಲೆ ಹೆಚ್ಚಿದ್ದಾಗ ಹೆಚ್ಚು ಪಣ ಹಾಕುವ ಹೈ-ಲೋ ಎಣಿಕೆಯನ್ನು ಮನೆಯಲ್ಲೇ ಅಭ್ಯಾಸ ಮಾಡಿದ್ದೇನೆ. 2ರಿಂದ 6ರವರೆಗಿನ ಎಲೆ ಬಂದರೆ ಒಂದು ಕೂಡುವುದು, 10, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯುವುದು, 7, 8, 9 ಬಿಟ್ಟುಬಿಡುವುದು. ಆದರೆ ಅಲ್ಲಿ ಕೈಯಲ್ಲೇ ಹಂಚುವ ಒಂದು ಕಟ್ಟಿನ ಟೇಬಲ್, ಎರಡು ಕಟ್ಟಿನದು, ಆರು-ಎಂಟು ಕಟ್ಟು ತುಂಬಿ ಒಂದೊಂದೇ ಎಲೆ ಎಳೆಯುವ ಶೂ ಎಂಬ ಡಬ್ಬಿ, ಕಲೆಸುವ ಮಷಿನ್ ಇಟ್ಟದ್ದು, ಹೀಗೆ ಹಲವು ಥರ ಇರುತ್ತವಂತೆ. ಕಟ್ಟು ಕಡಿಮೆ ಇದ್ದಷ್ಟೂ ಎಣಿಸುವವರಿಗೆ ಲಾಭ ಅಂತ ಗೆಳೆಯ ಹೇಳುತ್ತಾನೆ. ನಿಜವಾ?

ಸಕಲೇಶಪುರದಿಂದ:

ತಮ್ಮಾ, ನಿನ್ನ ಗೆಳೆಯ ಹೇಳಿದ್ದು ಅರ್ಧ ಸರಿ. ಉಳಿದ ನಿಯಮ ಎಲ್ಲಾ ಒಂದೇ ಇದ್ದರೆ ಕಡಿಮೆ ಕಟ್ಟೇ ಒಳ್ಳೆಯದು. ಆದರೆ ಉಳಿದ ನಿಯಮ ಒಂದೇ ಇರುವುದಿಲ್ಲ, ಅಲ್ವಾ? ಅಮೆರಿಕದಲ್ಲಿ ಇದ್ದಷ್ಟು ಕಾಲ ರಜೆ ಸಿಕ್ಕಾಗ ನಾನು ಟೇಬಲ್‌ಗಳ ಹಿಂದೆ ನಿಂತು ನೋಡಿದ್ದೇ ಜಾಸ್ತಿ. ಕಟ್ಟು ಎಷ್ಟು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಇದೆ.

ಟೇಬಲ್ ಬಟ್ಟೆಯ ಮೇಲೆ ಬರೆದದ್ದನ್ನು ಓದು. ಬ್ಲ್ಯಾಕ್‌ಜಾಕ್ ಬಿದ್ದರೆ, ಅಂದರೆ ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು 10ರ ಬೆಲೆಯ ಎಲೆ ಬಂದರೆ, 2ಕ್ಕೆ 3 ಕೊಡುತ್ತಾರೋ, 5ಕ್ಕೆ 6 ಕೊಡುತ್ತಾರೋ? 10 ಡಾಲರ್ ಹಾಕಿದವನಿಗೆ ಮೊದಲನೆಯದರಲ್ಲಿ 15 ಸಿಗುತ್ತದೆ, ಎರಡನೆಯದರಲ್ಲಿ 12 ಮಾತ್ರ. ಮೂರೇ ಡಾಲರ್ ಅಂತ ಬಿಡಬೇಡ. ಸುಮಾರು 21 ಆಟಕ್ಕೊಮ್ಮೆ ಬ್ಲ್ಯಾಕ್‌ಜಾಕ್ ಬೀಳುತ್ತದೆ. ಹಾಗಾಗಿ ಹಾಕಿದ ಒಟ್ಟು ಹಣದಲ್ಲಿ ಶೇ 1.4ರಷ್ಟು ಅಲ್ಲೇ ಹೋಯಿತು. ಚೆನ್ನಾಗಿ ಎಣಿಸುವವನಿಗೆ ಸಿಗುವ ಮೇಲುಗೈಯೇ ಶೇ 1ರ ಆಸುಪಾಸು. ಇನ್ನೇನು ಉಳಿಯಿತು? ವೇಗಸ್‌ನ ದೊಡ್ಡ ಕ್ಯಾಸಿನೊಗಳ ಬೀದಿಯಾದ ಸ್ಟ್ರಿಪ್‌ನಲ್ಲಿ ಒಂದೇ ಕಟ್ಟಿನ ಟೇಬಲ್ ಅಂತ ದೊಡ್ಡದಾಗಿ ಬೋರ್ಡ್ ಹಾಕಿದ ಕಡೆ ಬಹುಪಾಲು 5ಕ್ಕೆ 6 ಕೊಡುವ ಆಟವೇ. ಅಲ್ಲಿ ಕೂರಬೇಡ.

ಆಮೇಲೆ ಕಟ್ ಕಾರ್ಡ್ ಎಲ್ಲಿ ಇಡುತ್ತಾರೆ ನೋಡು. ಕಲೆಸಿದ ಮೇಲೆ ಬಣ್ಣದ ಪ್ಲಾಸ್ಟಿಕ್ ಎಲೆಯೊಂದನ್ನು ಕಟ್ಟಿನ ನಡುವೆ ತೂರಿಸುತ್ತಾರೆ. ಆಟ ಅಲ್ಲಿಗೆ ಬಂದಾಗ ಮತ್ತೆ ಕಲೆಸುತ್ತಾರೆ. ಆರು ಕಟ್ಟು ಅಂದರೆ 312 ಎಲೆ. ಕೊನೆಯ ಒಂದೂವರೆ ಕಟ್ಟು ಮಾತ್ರ ಬಿಟ್ಟರೆ 234 ಎಲೆ ಕಣ್ಣಿಗೆ ಬೀಳುತ್ತವೆ. ಅರ್ಧಕ್ಕೇ ಇಟ್ಟರೆ 156 ಅಷ್ಟೇ. ಎಣಿಕೆಗೆ ಬೆಲೆ ಬರುವುದೇ ಕಟ್ಟು ಕರಗಿದ ಮೇಲೆ. ಅರ್ಧಕ್ಕೇ ಕಲೆಸಿದರೆ ಸುಮ್ನೆ ತಲೆ ಬಿಸಿ ಮಾಡಿಕೊಂಡ ಹಾಗೆ. ಒಂದೇ ಟೇಬಲ್‌ನಲ್ಲಿ ಡೀಲರ್ ಬದಲಾದರೆ ಕಟ್ ಕಾರ್ಡಿನ ಜಾಗವೂ ಬದಲಾಗುವುದನ್ನು ನೋಡಿದ್ದೇನೆ. ಅದಕ್ಕೇ ಒಂದು ಶೂ ಮುಗಿಯುವವರೆಗೆ ನಿಂತು ನೋಡು. ಒಂದೇ ಕಟ್ಟಿನಲ್ಲಿ ಹಳಬರು ಹೇಳುವ ಲೆಕ್ಕ ಇದು: ಆಡುವವರು ಎಷ್ಟು ಜನ, ಕಲೆಸುವ ಮೊದಲು ಎಷ್ಟು ಸುತ್ತು, ಎರಡೂ ಕೂಡಿದರೆ ಆರು ಬರಬೇಕು. ಇಬ್ಬರಿದ್ದರೆ ನಾಲ್ಕು ಸುತ್ತು, ಮೂವರಿದ್ದರೆ ಮೂರು. ಕೂಡಿದ್ದು ಐದಕ್ಕೇ ನಿಂತರೆ ಎದ್ದು ಬಾ.

ಮಷಿನ್‌ನಲ್ಲಿ ಎರಡು ಥರ. ಒಂದು ಸೆಟ್ ಆಡುವಾಗ ಇನ್ನೊಂದನ್ನು ಪಕ್ಕದಲ್ಲಿ ಕಲೆಸುತ್ತಾ ಇರುವುದು ಒಂದು. ಅದರಿಂದ ನಿನಗೆ ತೊಂದರೆ ಇಲ್ಲ, ಕಲೆಸುವ ಹೊತ್ತು ಉಳಿಯುತ್ತದೆ. ಇನ್ನೊಂದರಲ್ಲಿ ಪ್ರತಿ ಸುತ್ತು ಮುಗಿದ ಕೂಡಲೇ ಎಲೆಗಳು ವಾಪಸ್ ಮಷಿನ್ ಒಳಗೇ ಹೋಗುತ್ತವೆ. ಕೆರೆಯಿಂದ ಎತ್ತಿದ ಕೊಡವನ್ನು ಮತ್ತೆ ಕೆರೆಗೇ ಸುರಿದರೆ ಎಷ್ಟು ಕಮ್ಮಿಯಾಯಿತು ಅಂತ ಹೇಗೆ ಅಳೆಯುವುದು? ಗುರುತು ಹಿಡಿಯುವುದು ಸುಲಭ. ಆಡಿದ ಎಲೆ ಪೇರಿಸುವ ಟ್ರೇ ಡೀಲರ್ ಪಕ್ಕ ಇಲ್ಲದೆ, ಎಲೆ ನೇರ ಮಷಿನ್‌ಗೆ ಹೋದರೆ ಅದು ಎಣಿಸುವ ಟೇಬಲ್ ಅಲ್ಲ.

ಹಾಸನದಿಂದ:

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ನಾನು ಕಣ್ಣು-ಕೈ ಅಭ್ಯಾಸದ ವಿಷಯ ಸೇರಿಸುತ್ತೇನೆ. ಮನೆಯಲ್ಲಿ ಕಲಿತವರಿಗೆ ಅಲ್ಲಿ ಕಷ್ಟವಾಗುವುದು ಅದೇ.

ಕೈಯಲ್ಲಿ ಹಂಚುವ ಒಂದು-ಎರಡು ಕಟ್ಟಿನ ಆಟದಲ್ಲಿ ಆಟಗಾರರ ಎಲೆ ಸಾಮಾನ್ಯವಾಗಿ ಕವುಚಿ ಬೀಳುತ್ತವೆ. ನಿಮ್ಮ ಎರಡು ಎಲೆ, ಡೀಲರ್‌ನ ಮೇಲಿನ ಎಲೆ, ನಡುವೆ ಎಳೆದ ಎಲೆ, ಇಷ್ಟೇ ಕಾಣುವುದು. ಪಕ್ಕದವರ ಎಲೆ ಕೊನೆಗೆ ತಿರುಗಿಸಿದಾಗ ಗಬಕ್ಕನೆ ಎಣಿಸಬೇಕು. ಡೀಲರ್ ಕೈ ಬಹಳ ಚುರುಕು. ಎಲೆಯನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಎಲೆ ಬೇಕಾದರೆ ಬಟ್ಟೆಯ ಮೇಲೆ ಕೆರೆಯಬೇಕು, ಸಾಕಾದರೆ ಪಣಕ್ಕಿಟ್ಟ ಬಿಲ್ಲೆ, ಅಂದರೆ ಚಿಪ್, ಅದರ ಕೆಳಗೆ ತಳ್ಳಬೇಕು. ಶೂ ಆಟದಲ್ಲಿ ಎಲ್ಲಾ ಎಲೆ ತೆರೆದೇ ಬೀಳುತ್ತವೆ, ಮುಟ್ಟುವ ಹಾಗಿಲ್ಲ. ಬೇಕಾದರೆ ಟೇಬಲ್ ತಟ್ಟುವುದು, ಬೇಡವಾದರೆ ಕೈ ಬೀಸುವುದು. ರಾಜನ ಜೊತೆ 5 ಬಿದ್ದರೆ ಒಂದಕ್ಕೊಂದು ವಜಾ ಅಂತ ಜೋಡಿ ಜೋಡಿಯಾಗಿ ಬಿಡಬಹುದು. ಹೊಸಬರಿಗೆ ಇದು ನಿಜಕ್ಕೂ ಹಗುರ.

ಆದರೆ ಶೂನಲ್ಲಿ ಭಾಗಾಕಾರ ಇದೆ, ಮರೆಯಬೇಡಿ. ಎಣಿಕೆಯನ್ನು ಉಳಿದ ಕಟ್ಟುಗಳಿಂದ ಭಾಗಿಸಬೇಕು. ಎಣಿಕೆ 6 ಇದ್ದು ಮೂರು ಕಟ್ಟು ಉಳಿದಿದ್ದರೆ ನಿಜವಾದ ಎಣಿಕೆ 2. ಒಂದೇ ಕಟ್ಟು ಉಳಿದಿದ್ದರೆ 6. ನಿಜವಾದ ಎಣಿಕೆ ಒಂದು ಏರಿದರೆ ನಿಮ್ಮ ಕಡೆಗೆ ಸುಮಾರು ಶೇ 0.5 ವಾಲುತ್ತದೆ. ಎರಡು ಕಟ್ಟಿನ ಆಟದಲ್ಲಿ ಎಣಿಕೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಶೂನಲ್ಲಿ ತಾಳ್ಮೆ ಬೇಕು. ಎಷ್ಟೋ ಶೂ ಏನೂ ಆಗದೆ ಮುಗಿಯುತ್ತವೆ. ನನಗೆ ಇಷ್ಟ ಎರಡು ಕಟ್ಟಿನದೇ. ಆದರೆ ಮೊದಲ ಸಲ ಹೋಗುವವರಿಗೆ ನಾನು ಶೂ ಅಂತಲೇ ಹೇಳುತ್ತೇನೆ.

ಮೂಡಿಗೆರೆಯಿಂದ:

ನಮ್ಮ ಕಡೆ ಕ್ಲಬ್‌ನಲ್ಲಿ ರಮ್ಮಿ ಆಡುವವರಿಗೆ ಬಿದ್ದ ಎಲೆ ನೆನಪಿಡುವುದು ಹೊಸದಲ್ಲ. ಹಾಗಾಗಿ ಹಲವರು ಇದನ್ನು ಗೋವಾದಲ್ಲೇ ನೋಡೋಣ ಅಂತ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತುತ್ತಾರೆ. ಎಣಿಸಿ ಗೆಲ್ಲುವ ಲೆಕ್ಕದಲ್ಲಿ ಹೋಗುವವರು ತೆರಿಗೆ ನೋಡಿ. ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್‌ನಿಂದ ಅದು ಶೇ 40. ಗೆದ್ದದ್ದಕ್ಕೆ ಆದಾಯ ತೆರಿಗೆ ಬೇರೆ, ಶೇ 30. ಸೋತದ್ದನ್ನು ಅದರಲ್ಲಿ ಕಳೆಯುವ ಹಾಗಿಲ್ಲ. ಶೇ 1ರ ಮೇಲುಗೈ ಇದರ ಮುಂದೆ ಎಲ್ಲಿ ನಿಲ್ಲುತ್ತದೆ? ನಾನು ಕೂತ ಟೇಬಲ್‌ನಲ್ಲಿ ಇದ್ದದ್ದೂ ಎಲೆ ವಾಪಸ್ ನುಂಗುವ ಮಷಿನ್ನೇ.

ಆನ್‌ಲೈನ್ ಕಡೆ ಹೋಗಲೇ ಬೇಡಿ. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಸಾಫ್ಟ್‌ವೇರ್ ಹಂಚುವ ಆಟದಲ್ಲಿ ಸಾಮಾನ್ಯವಾಗಿ ಪ್ರತಿ ಸಲ ಹೊಸದಾಗಿ ಕಲೆಸಿರುತ್ತದೆ, ಎಣಿಸಿ ಏನೂ ಸಿಗದು.

ಚಿಕ್ಕಮಗಳೂರಿನಿಂದ, ಪ್ರಶ್ನೆ ಕೇಳಿದವರು:

ಬಹಳ ಉಪಕಾರ ಆಯಿತು. ಇನ್ನೊಂದು ಕೇಳಲಾ? ಭಾಗಾಕಾರಕ್ಕೆ ಫೋನ್‌ನಲ್ಲಿ ಆಪ್ ಇಟ್ಟುಕೊಳ್ಳಬಹುದಾ? ಎಣಿಸುವುದು ಗೊತ್ತಾದರೆ ಏನು ಮಾಡುತ್ತಾರೆ?

ಸಕಲೇಶಪುರದಿಂದ:

ಆಪ್ ಮುಟ್ಟಲೇಬೇಡ. ನೆವಾಡಾದಲ್ಲಿ ತಲೆಯಲ್ಲಿ ಎಣಿಸುವುದು ತಪ್ಪಲ್ಲ. ಆದರೆ ಎಣಿಸಲು ಉಪಕರಣ ಬಳಸುವುದು 1985ರಿಂದ ಅಪರಾಧ. ವೀಸಾ ಮೇಲೆ ಹೋದವನು ಆ ದಾರಿಯಲ್ಲಿ ಹೆಜ್ಜೆ ಇಡಬಾರದು. ತಲೆಯಲ್ಲಿ ಎಣಿಸುವುದು ಗೊತ್ತಾದರೂ ಅಲ್ಲಿ ಆಡಬೇಡ ಅನ್ನುವ ಹಕ್ಕು ಕ್ಯಾಸಿನೊದವರಿಗಿದೆ. ಹೇಳಿದರೆ ವಾದ ಮಾಡದೆ ಚಿಪ್ ಬದಲಾಯಿಸಿಕೊಂಡು ಹೊರಡು. ನ್ಯೂಜೆರ್ಸಿಯಲ್ಲಿ ಕೆನ್ ಉಸ್ಟನ್ ಎಂಬ ಎಣಿಸುವ ಆಟಗಾರ ಕೋರ್ಟಿಗೆ ಹೋಗಿ 1982ರಲ್ಲಿ ಗೆದ್ದರು. ಹಾಗಾಗಿ ಆ ರಾಜ್ಯದ ಕ್ಯಾಸಿನೊ ಊರಾದ ಅಟ್ಲಾಂಟಿಕ್ ಸಿಟಿಯಲ್ಲಿ ಎಣಿಸುತ್ತಾನೆ ಅಂತ ಹೊರಹಾಕುವ ಹಾಗಿಲ್ಲ. ಆದರೆ ಬೇಕೆಂದಾಗ ಕಲೆಸಿ ನಿನ್ನ ಎಣಿಕೆ ಸೊನ್ನೆ ಮಾಡಬಹುದು.

ನಿನ್ನ ವಾರಾಂತ್ಯಕ್ಕೆ ನನ್ನ ಸಲಹೆ ಇದು. 2ಕ್ಕೆ 3 ಕೊಡುವ, ಕಟ್ ಕಾರ್ಡ್ ಹಿಂದೆ ಇಡುವ ಆರು ಕಟ್ಟಿನ ಶೂ ಹುಡುಕು. ಡೀಲರ್ ಸಾಫ್ಟ್ 17ಕ್ಕೆ, ಅಂದರೆ ಎಕ್ಕವನ್ನು 11 ಅಂತ ಹಿಡಿದು 17 ಆದಾಗ, ಇನ್ನೊಂದು ಎಲೆ ಎಳೆಯದೆ ನಿಲ್ಲುವ ಟೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು, ಶೇ 0.2 ಉಳಿಯುತ್ತದೆ. ಬೆಳಗ್ಗೆ ಹೊತ್ತು ಹೋಗು, ಜನ ಕಮ್ಮಿ, ಕನಿಷ್ಠ ಪಣವೂ ಸಾಮಾನ್ಯವಾಗಿ ಕಮ್ಮಿ. ಹಿಂದೆ ನಿಂತು ಎಣಿಸಿ ಎಣಿಕೆ ಏರಿದಾಗ ಕೂರುವ ಯೋಚನೆ ಇದ್ದರೆ ಶೂ ನಡುವೆ ಸೇರುವಂತಿಲ್ಲ ಎಂಬ ಬೋರ್ಡ್ ಇದೆಯಾ ನೋಡಿಕೋ. ಇನ್ನೊಂದು, ಎರಡು ದಿನದಲ್ಲಿ ಶೇ 1ರ ಮೇಲುಗೈ ಕಣ್ಣಿಗೆ ಕಾಣುವುದಿಲ್ಲ. ಸರಿಯಾಗಿ ಆಡಿಯೂ ಸೋಲಬಹುದು. ಹೋದರೂ ಪರವಾಗಿಲ್ಲ ಅನ್ನುವಷ್ಟು ಹಣ ಮಾತ್ರ ಜೇಬಲ್ಲಿಟ್ಟುಕೋ, ಬ್ಯಾಂಕ್ ಕಾರ್ಡನ್ನು ಹೋಟೆಲ್ ರೂಮಿನಲ್ಲೇ ಬಿಟ್ಟು ಬಾ.