ಗೌಟ್‌ಗೆ ಎಮರ್ಜೆನ್ಸಿಯಲ್ಲಿ ಇಂಜೆಕ್ಷನ್ ಆಯ್ತು, ಮುಂದೆ ಯಾರಿಗೆ ತೋರಿಸೋದು?

ಅಂಕೋಲೆಯವ: ಅಪ್ಪನಿಗೆ ಮತ್ತೆ ಗೌಟ್ (ಯೂರಿಕ್ ಆಸಿಡ್ ಕೀಲಿನಲ್ಲಿ ಸೇರಿ ಬರುವ ಊತ, ನೋವು) ಎದ್ದಿತ್ತು. ನಡುರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಕೂಗುತ್ತಿದ್ದರು. ಎಮರ್ಜೆನ್ಸಿಯಲ್ಲಿ ಇಂಜೆಕ್ಷನ್ ಕೊಟ್ಟು, ನೋವಿನ ಮಾತ್ರೆ ಬರೆದು ಕಳಿಸಿದರು. ಯೂರಿಕ್ ಆಸಿಡ್ 6.4, ಅಷ್ಟೇನೂ ಜಾಸ್ತಿ ಇಲ್ಲ ಅಂದರು. ಚೀಟಿಯಲ್ಲಿ ಮುಂದೆ ಯಾವಾಗ ಬರಬೇಕು ಅಂತ ಒಂದು ಗೆರೆಯೂ ಇಲ್ಲ. ಈಗ ನೋವಿಲ್ಲ, ಅಪ್ಪ ಬಂಗಡೆ ಸಾರಿನ ಮುಂದೆ ಕೂತಿದ್ದಾರೆ. ಏನು ಮಾಡಲಿ?

ಕಾರವಾರದ ನರ್ಸ್: ಆ ರಾತ್ರಿಯ ರಿಪೋರ್ಟ್ ನಂಬಿ ಕೂರಬೇಡಿ ತಮ್ಮಾ. ನೋವು ಜೋರಿದ್ದಾಗ ಯೂರಿಕ್ ಆಸಿಡ್ ಕಡಿಮೆ ತೋರಿಸುವುದುಂಟು. ಊತ ಇಳಿದು 2 ವಾರ ಆದ ಮೇಲೆ ಮತ್ತೆ ಮಾಡಿಸಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯೇಟಿನಿನ್ ಪರೀಕ್ಷೆಯನ್ನೂ ಸೇರಿಸಿ. ಎಂಡಿ ಡಾಕ್ಟರಿಗೆ ತೋರಿಸಿ. ಪದೇ ಪದೇ ಬರುವವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಶುರು ಮಾಡುತ್ತಾರೆ, ಸಾಮಾನ್ಯವಾಗಿ 100 ಮಿಗ್ರಾಂ, ಕಿಡ್ನಿ ವೀಕ್ ಇದ್ದರೆ ಇನ್ನೂ ಕಡಿಮೆ. ರಕ್ತ ನೋಡುತ್ತಾ ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರುವ ತನಕ ಡೋಸ್ ಏರಿಸುತ್ತಾರೆ. ಶುರುವಿನ ತಿಂಗಳುಗಳಲ್ಲಿ ನೋವು ಮತ್ತೆ ಏಳಬಹುದು, ಅದಕ್ಕೇ 3ರಿಂದ 6 ತಿಂಗಳು ನೋವು ಏಳದಂತೆ ತಡೆಯುವ ಕೊಲ್ಚಿಸಿನ್ ಮಾತ್ರೆ ಜೊತೆಗಿರುತ್ತದೆ. ಇದನ್ನು ಯಾರೂ ಹೇಳಿರುವುದಿಲ್ಲ, ಜನ "ಈ ಅಲೋಪ್ಯುರಿನಾಲ್‌ನಿಂದಲೇ ನೋವು ಬಂತು" ಅಂತ ಬಿಟ್ಟುಬಿಡುತ್ತಾರೆ. ಬಿಡಬಾರದು. ಆದರೆ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಿ.

ಶಿರಸಿ ಭಟ್ರ ಮನೆ: ಎಲ್ಲದಕ್ಕೂ ಮೀನನ್ನೇ ಬಯ್ಯಬೇಡಿ ಮಾರಾಯ್ರೆ. ನಮ್ಮ ಭಾವ ಮೀನಿನ ವಾಸನೆಗೇ ಮೂಗು ಮುಚ್ಚುವವನು, ಅವನಿಗೂ ಗೌಟ್! ಬಂಗಡೆ, ತಾರ್ಲೆ, ಬಿಯರ್ ಕಡಿಮೆ ಮಾಡಿದರೆ ಒಳ್ಳೆಯದೇ, ಆದರೆ ಪಥ್ಯವೊಂದರಿಂದ ಯೂರಿಕ್ ಆಸಿಡ್ ಅಷ್ಟು ಇಳಿಯುವುದಿಲ್ಲ. ಅಪ್ಪನ ಬಿಪಿ ಮಾತ್ರೆ ಯಾವುದು ನೋಡಿ. ಹೈಡ್ರೋಕ್ಲೋರೋಥಯಾಝೈಡ್ ಇದ್ದರೆ ಅದೂ ಯೂರಿಕ್ ಆಸಿಡ್ ಏರಿಸುತ್ತದೆ.

ಕುಮಟಾ ಫಾರ್ಮಸಿ: ನನ್ನ ಅಂಗಡಿಗೆ ಬರುವವರು ಹಳೇ ಚೀಟಿ ತೋರಿಸಿ ನೋವಿನ ಮಾತ್ರೆ ಡೈಕ್ಲೋಫೆನಾಕ್ ಮಾತ್ರ ಕೇಳುತ್ತಾರೆ. ವರ್ಷಗಟ್ಟಲೆ ನುಂಗಿದರೆ ಕಿಡ್ನಿ ಕತೆ ಏನು? ಎಮರ್ಜೆನ್ಸಿಯವರು ನೋವು ಇಳಿಸುತ್ತಾರೆ, ಸರಿ, ಅದು ಅವರ ಕೆಲಸ. ಆದರೆ ಕಳಿಸುವ ಮೊದಲು ಒಂದು ತಾರೀಕು, ಒಂದು ಲ್ಯಾಬ್ ಚೀಟಿ ಕೈಗಿಟ್ಟರೆ ಆಗುವುದಿಲ್ವಾ? ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ಗೆ ಬಿಪಿ, ಶುಗರ್‌ನವರು ತಿಂಗಳು ತಿಂಗಳು ಬರುತ್ತಾರೆ, ಗೌಟ್‌ನವರನ್ನೂ ಅಲ್ಲಿಗೇ ಬರೆದು ಕಳಿಸಲಿ. ವಾರ ಬಿಟ್ಟು ಯಾರಾದರೂ ಒಂದು ಫೋನ್ ಮಾಡಿದರಂತೂ ಅರ್ಧ ಜನ ತಪ್ಪಿಸಿಕೊಳ್ಳುವುದಿಲ್ಲ.

ಅಂಕೋಲೆಯವ: ಬಿಪಿ ಮಾತ್ರೆಯ ಪಟ್ಟಿ ನೋಡಿದೆ, ಹೈಡ್ರೋಕ್ಲೋರೋಥಯಾಝೈಡ್ ಇದೆ. ಇವತ್ತೇ ನಿಲ್ಲಿಸಲಾ?

ಕಾರವಾರದ ನರ್ಸ್: ಬೇಡ, ಬಿಪಿ ಏರಿ ಇನ್ನೊಂದು ಎಮರ್ಜೆನ್ಸಿ ಆದೀತು. ಪಟ್ಟಿ ಹಿಡಿದು ಡಾಕ್ಟರಿಗೆ ತೋರಿಸಿ, ಅವರೇ ಬದಲಿಸುತ್ತಾರೆ.