ಅಪ್‌ಡೇಟ್: ಮನಸ್ಸು ಹಗುರಾಗಿಸುವ ಆಟ ಸಿಕ್ಕಿತು

ಕೆಲಸ ಮುಗಿಸಿ ಬಂದ ಮೇಲೆ ನಿರಾಳವಾಗಿ ಆಡಲು, ಚಿತ್ರಕಲೆಯಂತೆ ಕಾಣುವ, ಡೌನ್‌ಲೋಡ್ ಮಾಡಿಕೊಳ್ಳಬಹುದಾದ ವಿಡಿಯೊ ಗೇಮ್ ಒಂದನ್ನು ಸೂಚಿಸಿ ಎಂದು ಕೇಳಿದ್ದೆ. ಹಲವರು ‘ಗ್ರಿಸ್’ ಎಂದಿರಿ. ಆಡಿ ಮುಗಿಸಿದೆ, ನಿಮಗೆಲ್ಲ ಮನಸಾರೆ ಧನ್ಯವಾದ.

ಬಾರ್ಸಿಲೋನಾದ ನೊಮಾಡಾ ಸ್ಟುಡಿಯೊ 2018ರಲ್ಲಿ ತಂದ ಈ ಆಟದ ದೃಶ್ಯಲೋಕ ಕಲಾವಿದ ಕೊನ್ರಾಡ್ ರೊಸೆಟ್ ಅವರದು. ದುಃಖದಲ್ಲಿ ದನಿ ಕಳೆದುಕೊಂಡ ಹುಡುಗಿಯ ಜಗತ್ತು ಮೊದಲು ಬಣ್ಣಗೆಟ್ಟಿರುತ್ತದೆ. ಮುಂದೆ ಸಾಗಿದಂತೆ ಕೆಂಪು, ಹಸಿರು, ನೀಲಿ, ಹಳದಿ ಒಂದೊಂದಾಗಿ ಜಲವರ್ಣದಂತೆ ಹರಡಿಕೊಳ್ಳುತ್ತವೆ. ಸೋತು ಸಾಯುವ ಪ್ರಸಂಗವೇ ಇಲ್ಲ. ನನಗೆ ಬಹಳ ಹಿಡಿಸಿದ್ದು ಕೆಂಪು ಮರುಭೂಮಿಯ ಭಾಗ: ಬಿರುಗಾಳಿ ಬೀಸಿದಾಗ ಅವಳ ಉಡುಪೇ ಭಾರವಾದ ದಿಮ್ಮಿಯಾಗುತ್ತದೆ, ಗಾಳಿ ಅವಳನ್ನು ಕದಲಿಸಲಾರದು. ಎಷ್ಟು ಚೆಂದದ ಕಲ್ಪನೆ! ಬೆರ್ಲಿನಿಸ್ಟ್ ತಂಡದ ಸಂಗೀತಕ್ಕಾಗಿ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು.

ಆದರೆ ಕಪ್ಪು ಹಕ್ಕಿ ಅರಚಿ ಅವಳನ್ನು ಹಿಂದಕ್ಕೆ ತಳ್ಳುವಾಗ ಎದೆ ಬಡಿದುಕೊಳ್ಳುತ್ತದೆ. ಪುಟ್ಟ ಮಕ್ಕಳೊಂದಿಗೆ ಆಡುವವರು ಗಮನಿಸಿ. ಮೊಬೈಲ್‌ನಲ್ಲೂ ಸಿಗುತ್ತದೆ, ಆದರೂ ಈ ಚಿತ್ರಗಳಿಗೆ ದೊಡ್ಡ ಪರದೆಯೇ ತಕ್ಕದ್ದು.

ಅದೇ ಸ್ಟುಡಿಯೊದ ‘ನೆವಾ’ದಲ್ಲಿ ಕತ್ತಿಯ ಕಾಳಗ ಇರುವುದರಿಂದ ಸದ್ಯಕ್ಕೆ ಅದನ್ನು ಬಿಟ್ಟು, ನಿಮ್ಮಲ್ಲೊಬ್ಬರು ಹೇಳಿದ ‘ಜರ್ನಿ’ಯನ್ನು ಡೌನ್‌ಲೋಡ್‌ಗೆ ಹಾಕಿದ್ದೇನೆ.