ತಾಮ್ರ ಶುದ್ಧ ಮಾಡೋಕೆ ಹೋದ್ರೆ ತಗಡಿನ ಮೇಲೆ ಕಪ್ಪು ಪುಡಿ, ಯಾಕೆ?

ಗುಜರಿಪ್ರಿಯ:
ಹಳೆ ಫ್ರಿಜ್ ಪೈಪು, ಬೆಸುಗೆ ಹತ್ತಿದ ತುಂಡು, ಒಂದಷ್ಟು ಹಿತ್ತಾಳೆ ನಲ್ಲಿ, ಎಲ್ಲ ಕರಗಿಸಿ ಒಂದು ಗಟ್ಟಿ ಮಾಡಿದ್ದೇನೆ. ಅದಕ್ಕೆ ಪಾಸಿಟಿವ್, ತೆಳ್ಳನೆ ತಾಮ್ರದ ತಗಡಿಗೆ ನೆಗೆಟಿವ್ ಕೊಟ್ಟು ಮೈಲುತುತ್ತದ (ಕಾಪರ್ ಸಲ್ಫೇಟ್) ನೀರಲ್ಲಿ ಇಳಿಬಿಟ್ಟಿದ್ದೇನೆ. ಕರೆಂಟು 12 ವೋಲ್ಟ್ ಬ್ಯಾಟರಿ ಚಾರ್ಜರ್‌ನಿಂದ. ತಗಡಿನ ಮೇಲೆ ಕಪ್ಪು ಪುಡಿ ಕೂರುತ್ತದೆ, ಮುಟ್ಟಿದರೆ ಉದುರುತ್ತದೆ, ಗುಳ್ಳೆ ಬೇರೆ. ಏನು ಮಾಡಲಿ?

ಆಂಪಿಯರ್ ಅಣ್ಣ:
ಕರೆಂಟು ಜಾಸ್ತಿ ಆಯ್ತು, ಅಷ್ಟೇ. ತಗಡಿನ ಹತ್ತಿರ ನೀರಲ್ಲಿರುವ ತಾಮ್ರದ ಅಯಾನುಗಳು (ವಿದ್ಯುತ್ ಹೊತ್ತ ಕಣಗಳು) ಖಾಲಿಯಾಗಿ, ಹೊಸವು ಬರುವ ಮೊದಲೇ ನೀವು ಎಳೀತಿದ್ದೀರಿ, ಅದಕ್ಕೇ ಪುಡಿ, ಅದಕ್ಕೇ ಹೈಡ್ರೋಜನ್ ಗುಳ್ಳೆ. ಒಂದು ಕಡೆ ಕರಗಿದ್ದೇ ಇನ್ನೊಂದು ಕಡೆ ಕೂರುವುದರಿಂದ ಇದಕ್ಕೆ ವೋಲ್ಟೇಜ್ ಬೇಕಿರುವುದೇ ಕಡಿಮೆ. ದೊಡ್ಡ ಕಾರ್ಖಾನೆಯಲ್ಲೂ ಒಂದು ತೊಟ್ಟಿಗೆ ಅರ್ಧ ವೋಲ್ಟೂ ಬೇಡ. ಕರೆಂಟ್ ಲಿಮಿಟ್ ಇರುವ ಪವರ್ ಸಪ್ಲೈ ತನ್ನಿ. ಗಟ್ಟಿಯ ಕಡೆಗಿರುವ ತಗಡಿನ ಮುಖ 100 ಚದರ ಸೆಂ.ಮೀ. ಇದ್ದರೆ 2 ಆಂಪಿಯರ್ ಸಾಕು. 1 ಆಂಪಿಯರ್ ಒಂದು ಗಂಟೆಗೆ ಕೂರಿಸುವುದು ಸುಮಾರು 1.19 ಗ್ರಾಂ, ಅಂದರೆ 2 ಆಂಪಿಯರ್‌ನಲ್ಲಿ ಇಡೀ ದಿನ, 24 ಗಂಟೆ ಓಡಿಸಿದರೂ 57 ಗ್ರಾಂ. ತಾಳ್ಮೆ ಇದೆಯಾ ನೋಡಿಕೊಳ್ಳಿ!

ಅಡಿಕೆತೋಟ:
ಬರೀ ಮೈಲುತುತ್ತ ಸಾಲದು, ಆಸಿಡ್ ಇಲ್ಲದಿದ್ದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಒಂದು ಲೀಟರ್ ದ್ರಾವಣಕ್ಕೆ 200 ಗ್ರಾಂ ಮೈಲುತುತ್ತ, ಬ್ಯಾಟರಿ ಅಂಗಡಿಯ ಆಸಿಡ್ 150 ಮಿ.ಲೀ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಯಾವತ್ತೂ ಬೇಡ. ಕನ್ನಡಕ, ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಗಟ್ಟಿಗೆ ಹಳೆ ಪಾಲಿಯೆಸ್ಟರ್ ಬಟ್ಟೆಯ ಚೀಲ ಕಟ್ಟಿ. ಕಾಟನ್ ಆದರೆ ಆಸಿಡ್‌ಗೆ ಚಿಂದಿಯಾಗುತ್ತದೆ.

ಗುಜರಿಪ್ರಿಯ:
ಚೀಲ ಯಾಕೆ?

ಆಂಪಿಯರ್ ಅಣ್ಣ:
ಕೆಸರು ಹಿಡಿಯೋಕೆ. ಬೆಸುಗೆಯ ಸೀಸ ಸಲ್ಫೇಟಾಗಿ ತಳಕ್ಕೆ ಇಳಿಯುತ್ತದೆ, ಫ್ರಿಜ್ ಪೈಪಿನ ಬೆಸುಗೆಯಲ್ಲಿ ಬೆಳ್ಳಿ ಇದ್ದರೆ ಅದೂ ಕೆಸರಲ್ಲೇ. ಕಾರ್ಖಾನೆಗಳು ಬೆಳ್ಳಿ, ಬಂಗಾರ ತೆಗೆಯುವುದು ಈ ಕೆಸರಿನಿಂದಲೇ, ಆದರೆ ನಿಮ್ಮ ಗಟ್ಟಿಯಿಂದ ಬಳೆ ಮಾಡಿಸುವ ಕನಸು ಬೇಡ. ನಿಜವಾದ ತಲೆನೋವು ಹಿತ್ತಾಳೆ. ಅದರ ಸತು ಕರಗಿ ನೀರಲ್ಲೇ ಉಳಿಯುತ್ತದೆ, ಅದರ ಬದಲಿಗೆ ದ್ರಾವಣದಲ್ಲಿದ್ದ ತಾಮ್ರ ತಗಡಿಗೆ ಹೋಗುತ್ತದೆ. ನೀಲಿ ಬಣ್ಣ ತೆಳುವಾಗುತ್ತಾ ಬಂದರೆ ಇದೇ ಅಂತ ತಿಳಿಯಿರಿ, ಹೊಸ ಮೈಲುತುತ್ತ ಹಾಕಿ. ಮುಂದಿನ ಸಲ ಹಿತ್ತಾಳೆ ಬೇರೆ ಇಡಿ.

ವೈಂಡಿಂಗ್ ಶಾಪ್:
ಮೋಟಾರ್ ವೈಂಡಿಂಗ್ ತಂತಿ ಇದ್ದರೆ ಇದಕ್ಕೆ ಹಾಕಬೇಡಿ. ಅದು ಮೊದಲೇ ಶೇ. 99.9ಕ್ಕಿಂತ ಶುದ್ಧ, ಸುಮ್ನೆ ಕರೆಂಟು ದಂಡ.

ಅಡಿಕೆತೋಟ:
ಇನ್ನೊಂದು ಮಾತು, ಕೆಲಸ ಮುಗಿದ ಮೇಲೆ ಆ ನೀರನ್ನ ಚರಂಡಿಗೆ ಚೆಲ್ಲಬೇಡಿ. ತಾಮ್ರ ಮೀನಿಗೆ ವಿಷ. ಹಳೆ ಕಬ್ಬಿಣದ ಮೊಳೆ ಹಾಕಿಡಿ, ತಾಮ್ರ ಕೆಂಪಗೆ ಅದರ ಮೇಲೆ ಕೂರುತ್ತದೆ. ಉಳಿದ ನೀರಿಗೆ ನಿಧಾನಕ್ಕೆ ಸುಣ್ಣದ ತಿಳಿ ಹಾಕಿ ಆಸಿಡ್ ಇಳಿಸಿ, ಉಕ್ಕಿ ಬಿಸಿಯಾಗುತ್ತದೆ, ದೂರ ನಿಂತು ಹಾಕಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲೆಸುವಾಗ ನಾವು ಮೈಲುತುತ್ತಕ್ಕೆ ಸುಣ್ಣ ಹಾಕುವುದಿಲ್ವಾ, ಅದೇ ಲೆಕ್ಕ. ಆದರೆ ಇದರಲ್ಲಿ ಸೀಸ, ಸತು ಇರುವುದರಿಂದ ತೋಟಕ್ಕೆ ಮಾತ್ರ ಹೊಡೆಯಬೇಡಿ.